ಹಳೇ ಮಸ್ಟ್ಯಾಂಗ್‌ಗೆ ಜೋರು ತುಂಬುವ ಮೊದಲು: ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ಡೆಟ್ರಾಯಿಟ್ ಸುತ್ತಮುತ್ತ ಇರುವ ನಮ್ಮ ಕನ್ನಡದವರಲ್ಲಿ ಕಾರು ಕಂಪನಿಗಳಲ್ಲೇ ಕೆಲಸ ಮಾಡುವವರು ತುಂಬಾ ಜನ. ಹಗಲೆಲ್ಲ ಕಂಪ್ಯೂಟರಿನಲ್ಲಿ ಎಂಜಿನ್ ನೋಡಿದವರಿಗೂ ಒಂದು ದಿನ ಕೈಗೆ ಗ್ರೀಸ್ ಮೆತ್ತಿಕೊಳ್ಳುವ ಆಸೆ ಹುಟ್ಟುತ್ತದೆ. ಆಗಸ್ಟ್ ತಿಂಗಳ ಮೂರನೇ ಶನಿವಾರ ವುಡ್‌ವರ್ಡ್ ಡ್ರೀಮ್ ಕ್ರೂಸ್ ನಡೆಯುತ್ತದಲ್ಲ, ಅದು ಮುಗಿದ ವಾರದಲ್ಲಿ ನನಗೆ ಫೋನುಗಳು ಶುರು. "ಒಂದು ಹಳೇ ಮಸ್ಟ್ಯಾಂಗ್ ನೋಡಿದ್ದೀನಿ, ಎಷ್ಟು ಪವರ್ ಮಾಡಬಹುದು?"

ನನ್ನ ಬಳಿ ಇರುವುದು 1967ರ ಫೋರ್ಡ್ ಮಸ್ಟ್ಯಾಂಗ್ ಹಾರ್ಡ್‌ಟಾಪ್, 289 ವಿ8, ಅಂದರೆ 289 ಕ್ಯೂಬಿಕ್ ಇಂಚಿನ ಎಂಟು ಸಿಲಿಂಡರ್ ಎಂಜಿನ್. ಹಾಗಾಗಿ ಇಲ್ಲಿರುವ ಅಳತೆಗಳೆಲ್ಲ ಆ ಕಾರಿನವು. ನಿಮ್ಮದು ಕಮಾರೊ ಆಗಿದ್ದರೂ ಡಾರ್ಟ್ ಆಗಿದ್ದರೂ ಕೆಲಸದ ಸರದಿ ಇದೇ.

ಮಸ್ಟ್ಯಾಂಗ್‌ನ ಮಸಲ್ ಕಾರ್ ಅನ್ನಬಹುದಾ?

ಕಟ್ಟುನಿಟ್ಟಾಗಿ ಹೇಳುವವರು ಅದನ್ನು ಪೋನಿ ಕಾರ್, ಅಂದರೆ ಚಿಕ್ಕ ಗಾತ್ರದ ಸ್ಪೋರ್ಟಿ ಕಾರು ಅಂತಾರೆ. 1964ರ ಪಾಂಟಿಯಾಕ್ ಜಿಟಿಒ ಥರ ಮಧ್ಯಮ ಗಾತ್ರದ ಬಾಡಿಗೆ ದೊಡ್ಡ ಎಂಜಿನ್ ಇಳಿಸಿದ್ದು ಮಾತ್ರ ಅವರ ಲೆಕ್ಕದಲ್ಲಿ ಮಸಲ್ ಕಾರ್. ಹೊಸಬರಿಗೆ ಈ ಜಗಳದಿಂದ ಲಾಭ ಇಲ್ಲ. ಮಸ್ಟ್ಯಾಂಗ್‌ನ ದೊಡ್ಡ ಅನುಕೂಲ ಬೇರೆ: ಬಾಗಿಲಿನ ಹಿಡಿಯಿಂದ ಹಿಡಿದು ಇಡೀ ಬಾಡಿಯವರೆಗೆ ಇವತ್ತಿಗೂ ಹೊಸ ಪಾರ್ಟ್ಸ್ ಸಿಗುತ್ತವೆ. ಮೊದಲ ಸಲ ಕೈ ಹಾಕುವವರಿಗೆ ಇದಕ್ಕಿಂತ ಏನು ಬೇಕು?

ಎಲ್ಲಿಂದ ಶುರು ಮಾಡಲಿ?

ಒಂದು ನೋಟ್‌ಬುಕ್ಕಿನಿಂದ. ಈ ಕಾರನ್ನು ಯಾವುದಕ್ಕೆ ಓಡಿಸುತ್ತೀರಿ ಅಂತ ಒಂದೇ ಸಾಲಿನಲ್ಲಿ ಬರೆಯಿರಿ. "ಭಾನುವಾರ ಹೆಂಡತಿ ಮಕ್ಕಳ ಜೊತೆ ನೂರು ಮೈಲಿ" ಅಂತ ಬರೆದರೆ ಒಂದು ಥರದ ಕಾರು ಆಗುತ್ತದೆ. "ಕಾಲು ಮೈಲಿ ಡ್ರ್ಯಾಗ್" ಅಂತ ಬರೆದರೆ ಇನ್ನೊಂದು ಥರ. ಎರಡೂ ಬೇಕು ಅಂದರೆ ಎರಡಕ್ಕೂ ಒಗ್ಗದ ಕಾರು ಕೈಗೆ ಬರುತ್ತದೆ.

ನಾನು ಇಷ್ಟು ವರ್ಷದಲ್ಲಿ ನೋಡಿದ ದೊಡ್ಡ ನಷ್ಟ ಎಂಜಿನ್ ಒಡೆದಿದ್ದಲ್ಲ. ಎಲ್ಲಾ ಒಟ್ಟಿಗೆ ಬಿಚ್ಚಿ, ಡಬ್ಬಗಳಲ್ಲಿ ತುಂಬಿಟ್ಟು, ನಾಲ್ಕು ವರ್ಷ ಆದ ಮೇಲೆ ಅರ್ಧ ಬೆಲೆಗೆ ಮಾರಿದ್ದು. ಇಂಥ ಮೂರು ಕಾರು ನೋಡಿದ್ದೇನೆ, ಮೂರನ್ನೂ ಆಸೆಪಟ್ಟು ಕೊಂಡವರೇ ಮಾರಿದ್ದು. ಅದಕ್ಕೇ ನನ್ನ ಸಲಹೆ: ಒಂದು ಚಳಿಗಾಲಕ್ಕೆ ಒಂದೇ ಕೆಲಸ. ಏಪ್ರಿಲ್ ಬಂದಾಗ ಕಾರು ರಸ್ತೆ ಮೇಲೆ ಇರಬೇಕು.

ನನ್ನ ಕಾರಿನಲ್ಲಿ ಯಾವ ಎಂಜಿನ್ ಇದೆ ಅಂತ ಹೇಗೆ ಗೊತ್ತಾಗುತ್ತೆ?

1967ರ ಮಸ್ಟ್ಯಾಂಗ್‌ನಲ್ಲಿ ವಿನ್ ನಂಬರಿನ (ಫ್ಯಾಕ್ಟರಿ ಪ್ರತಿ ಕಾರಿಗೂ ಕೊಡುವ ಗುರುತಿನ ನಂಬರ್) ಐದನೇ ಅಕ್ಷರ ನೋಡಿ. ಸಿ ಇದ್ದರೆ ಎರಡು ಬ್ಯಾರೆಲ್ (ಗಾಳಿ ಎಳೆಯುವ ಬಾಯಿ) ಕಾರ್ಬೊರೇಟರಿನ 289, 200 ಹೆಚ್‌ಪಿ. ಎ ಇದ್ದರೆ ನಾಲ್ಕು ಬ್ಯಾರೆಲ್, 225. ಕೆ ಇದ್ದರೆ 271 ಹೆಚ್‌ಪಿಯ ಅಪರೂಪದ ಎಂಜಿನ್. ಕೆ ಸಿಕ್ಕಿದರೆ ದಯವಿಟ್ಟು ಏನನ್ನೂ ಕತ್ತರಿಸಬೇಡಿ, ಏನನ್ನೂ ಎಸೆಯಬೇಡಿ.

ಆದರೆ ವಿನ್ ಹೇಳುವುದು ಫ್ಯಾಕ್ಟರಿಯಿಂದ ಹೊರಟ ದಿನದ ಕಥೆ. ಅರ್ಧ ಶತಮಾನದಲ್ಲಿ ಎಂಜಿನ್ ಎಷ್ಟು ಸಲ ಬದಲಾಗಿದೆಯೋ! ಬ್ಲಾಕಿನ ಮೇಲೆ ಅಚ್ಚಾಗಿರುವ ನಂಬರನ್ನು ಒರೆಸಿ ಓದಿ, ಫೋಟೋ ತೆಗೆದಿಟ್ಟುಕೊಳ್ಳಿ. ಇದು ಬರೀ ಕುತೂಹಲದ ಮಾತಲ್ಲ. 289ರ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳಲ್ಲಿ ಕಿಡಿ ಹಾರುವ ಸರದಿ, 1-5-4-2-6-3-7-8. ನೋಡಲು ಹಾಗೇ ಇರುವ ಎಂಬತ್ತರ ದಶಕದ ಫೋರ್ಡಿನ 5.0 ಲೀಟರ್ ಎಚ್‌ಒ ಎಂಜಿನ್‌ದು 1-3-7-2-6-5-4-8. ಪ್ಲಗ್ ವೈರು ತಪ್ಪಿದರೆ ಕಾರ್ಬೊರೇಟರಿನಿಂದ ಬೆಂಕಿ ಉಗುಳುತ್ತದೆ.

ಇನ್ನೊಂದು ಮಾತು. ಆ 200 ಹೆಚ್‌ಪಿ ಅನ್ನುವುದು ಗ್ರಾಸ್ ಅಳತೆ. ಏರ್ ಫಿಲ್ಟರ್, ಫ್ಯಾನು, ಸೈಲೆನ್ಸರ್ ಏನೂ ಇಲ್ಲದೆ ಎಂಜಿನ್ನನ್ನು ಸ್ಟ್ಯಾಂಡಿನ ಮೇಲೆ ಓಡಿಸಿ ಅಳೆದದ್ದು. 1972ರಿಂದ ಅಮೆರಿಕದ ಕಂಪನಿಗಳು ಇವೆಲ್ಲ ಜೋಡಿಸಿಕೊಂಡೇ ಅಳೆಯುವ ನೆಟ್ ಅಳತೆಗೆ ಬಂದವು. ಅಂದರೆ ಮೊನ್ನೆ ಮೊನ್ನೆಯ ನಾಲ್ಕು ಸಿಲಿಂಡರ್ ಕ್ಯಾಮ್ರಿಯ 203 ಹೆಚ್‌ಪಿ ನಿಮ್ಮ ವಿ8ಗಿಂತ ನಿಜವಾಗಿಯೂ ಜಾಸ್ತಿ. ಇದನ್ನು ಮೊದಲೇ ತಿಳಿದುಕೊಂಡರೆ ಆಮೇಲೆ ನಿರಾಸೆ ಆಗುವುದಿಲ್ಲ. ಹಳೇ ಕಾರಿನ ಸುಖ ನಂಬರಿನಲ್ಲಿ ಇಲ್ಲ.

ಎಂಜಿನ್ ಆರೋಗ್ಯ ನಾನೇ ನೋಡಬಹುದಾ?

ಖಂಡಿತ. ಕಂಪ್ರೆಷನ್ ಗೇಜ್, ವ್ಯಾಕ್ಯೂಮ್ ಗೇಜ್, ಟೈಮಿಂಗ್ ಲೈಟ್, ಮಲ್ಟಿಮೀಟರ್. ಮೊದಲು ಈ ನಾಲ್ಕನ್ನು ಕೊಳ್ಳಿ, ಕ್ರೋಮ್ ಏರ್ ಕ್ಲೀನರ್ ಆಮೇಲೆ.

ಎಂಜಿನ್ ಬಿಸಿ ಮಾಡಿ, ಎಂಟೂ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು, ಕಂಪ್ರೆಷನ್ ಗೇಜ್ ಹಾಕಿ ಒಂದೊಂದೇ ಸಿಲಿಂಡರಿನ ಒತ್ತಡ ನೋಡಿ. ಎಷ್ಟು ಪಿಎಸ್‌ಐ ಬಂತು ಅನ್ನುವುದಕ್ಕಿಂತ ಎಂಟೂ ಹತ್ತಿರ ಹತ್ತಿರ ಇವೆಯಾ ಅನ್ನುವುದು ಮುಖ್ಯ. ಅತಿ ಕಡಿಮೆ ಬಂದದ್ದು ಅತಿ ಜಾಸ್ತಿ ಬಂದದ್ದರ ಮುಕ್ಕಾಲು ಭಾಗಕ್ಕಿಂತ ಕೆಳಗೆ ಇರಬಾರದು. ಒಂದು ಸಿಲಿಂಡರಿನ ಒತ್ತಡ ಬಿದ್ದಿದ್ದರೆ ಅದರೊಳಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕೂರುತ್ತಿಲ್ಲ. ವ್ಯಾಕ್ಯೂಮ್ ಗೇಜ್ ಮುಳ್ಳು ಐಡ್ಲಿಂಗ್‌ನಲ್ಲಿ 17ರಿಂದ 21 ಇಂಚಿನ ಮಧ್ಯೆ ಅಲುಗಾಡದೆ ನಿಂತರೆ ಅರ್ಧ ಚಿಂತೆ ಹೋಯಿತು.

ದಣಿದ ಎಂಜಿನ್‌ಗೆ ದುಬಾರಿ ಪಾರ್ಟ್ಸ್ ಹಾಕಿದರೆ ಅದು ಇನ್ನೂ ಬೇಗ ಕೆಟ್ಟು ಕೂರುತ್ತದೆ.

ತುಕ್ಕು ಎಲ್ಲೆಲ್ಲಿ ನೋಡಬೇಕು?

ವಿಂಡ್‌ಶೀಲ್ಡ್ ಕೆಳಗೆ ಗಾಳಿ ಒಳಗೆ ಹೋಗುವ ಜಾಲರಿ ಇದೆಯಲ್ಲ, ಅದಕ್ಕೆ ಕೌಲ್ ಅಂತಾರೆ. ಆ ಕಾಲದ ಮಸ್ಟ್ಯಾಂಗ್‌ಗಳ ಜೀವ ಹಿಂಡುವ ಜಾಗ ಅದು. ಎಲೆ, ಧೂಳು ಸೇರಿ ಒಳಗೇ ಕೊಳೆತು ತಗಡು ತೂತಾಗುತ್ತದೆ. ಮೇಲಿನಿಂದ ಏನೂ ಕಾಣಿಸುವುದಿಲ್ಲ.

ಮುಂದಿನ ಕಾರ್ಪೆಟ್ ಎತ್ತಿ. ನೆಲದ ಮೇಲೆ ಒಣಗಿದ ದಿನಪತ್ರಿಕೆ ಹಾಸಿ. ಜಾಲರಿಯ ಮೇಲೆ ಒಂದು ಚೊಂಬು ನೀರನ್ನು ನಿಧಾನ ಸುರಿಯಿರಿ, ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ. ಐದು ನಿಮಿಷ ಬಿಟ್ಟು ಪೇಪರ್ ನೋಡಿ. ನನ್ನ ಕಾರಿನಲ್ಲಿ ಹೀಟರ್ ಡಬ್ಬದ ಪಕ್ಕದಿಂದ ಕಂದು ಬಣ್ಣದ ಹನಿ ಒಂದೊಂದಾಗಿ ಪೇಪರಿನ ಮೇಲೆ ಬಿತ್ತು. ಆ ವರ್ಷದ ದುಡ್ಡೆಲ್ಲ ವೆಲ್ಡಿಂಗ್‌ಗೇ ಹೋಯಿತು. ಬೇಜಾರಾಗಿತ್ತು, ಆದರೆ ಅದನ್ನು ಬಿಟ್ಟು ಎಂಜಿನ್‌ಗೆ ಖರ್ಚು ಮಾಡಿದ್ದರೆ ಕಾಲ ಕೆಳಗೆ ನೆಲವೇ ಇರುತ್ತಿರಲಿಲ್ಲ. ಈ ಕಾರಿಗೆ ಬೇರೆ ಫ್ರೇಮ್ ಇಲ್ಲ, ಬಾಡಿಯೇ ಫ್ರೇಮ್. ತುಕ್ಕು ಹಿಡಿದರೆ ಗಾಡಿಯ ಬೆನ್ನುಮೂಳೆಗೇ ಹಿಡಿದ ಹಾಗೆ.

ಹಾಗಾದರೆ ಮೊದಲ ದುಡ್ಡು ಯಾವುದಕ್ಕೆ?

ಟೈರು, ಆಮೇಲೆ ಬ್ರೇಕ್. ಎಷ್ಟು ಸಲ ಕೇಳಿದರೂ ಇದೇ ಉತ್ತರ.

ಟೈರಿನ ಪಕ್ಕದಲ್ಲಿ ಡಾಟ್ ನಂಬರ್ ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿ 3515 ಅಂತಿದ್ದರೆ 2015ರ 35ನೇ ವಾರ ತಯಾರಾಗಿದ್ದು. ಮೇಲಿನ ಗೆರೆಗಳು ಚೆನ್ನಾಗಿದ್ದರೂ ಹತ್ತು ವರ್ಷದ ಟೈರನ್ನು ನಂಬಬೇಡಿ. ರಬ್ಬರ್ ಕಲ್ಲಾಗಿರುತ್ತದೆ. ಮೂಲ ಬಯಾಸ್ ಪ್ಲೈ (ಹಳೇ ಕಾಲದ ರಚನೆಯ) ಟೈರಿನ ಜಾಗಕ್ಕೆ ಒಳ್ಳೆಯ ರೇಡಿಯಲ್ ಬಂದರೆ ಅದೇ ದಿನ ಕಾರು ಬೇರೆ ಅನ್ನಿಸುತ್ತದೆ.

ಬಹಳ ಕಾರುಗಳಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರುತ್ತಿತ್ತು. ಮನೆಯಲ್ಲಿ ಅಂಬಾಸಿಡರ್ ಇದ್ದವರಿಗೆ ನೆನಪಿರಬಹುದು: ಮಳೆಯಲ್ಲಿ ನೀರು ಹೊಕ್ಕರೆ ಬ್ರೇಕ್ ಒಂದು ಪಕ್ಕಕ್ಕೆ ಎಳೆಯುತ್ತಿತ್ತು. ಇಲ್ಲೂ ಅದೇ ಕಥೆ. ಮುಂದಿನ ಚಕ್ರಗಳಿಗೆ ಡಿಸ್ಕ್ ಹಾಕಿಸಿ. ಅದರ ಜೊತೆ ಅದಕ್ಕೆ ಹೊಂದುವ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಪಂಪು) ಮತ್ತು ಪ್ರಪೋರ್ಷನಿಂಗ್ ವಾಲ್ವ್ (ಹಿಂದಿನ ಬ್ರೇಕಿನ ಒತ್ತಡ ತಗ್ಗಿಸುವುದು) ಕೂಡ ಬೇಕು. ಇಲ್ಲದಿದ್ದರೆ ಜೋರಾಗಿ ಒತ್ತಿದಾಗ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಗಾಡಿ ತಿರುಗುತ್ತದೆ. 1967ರಲ್ಲಿ ಮಾಸ್ಟರ್ ಸಿಲಿಂಡರ್ ಎರಡು ಭಾಗದ್ದು ಬಂತು. ನಿಮ್ಮದು 1965 ಅಥವಾ 1966 ಆಗಿದ್ದರೆ ಒಂದೇ ಭಾಗದ್ದು ಇರುತ್ತದೆ. ಎಲ್ಲಾದರೂ ಒಂದು ಕಡೆ ಸೋರಿದರೆ ನಾಲ್ಕೂ ಬ್ರೇಕ್ ಹೋದವು. ಅದನ್ನು ಈ ವಾರವೇ ಬದಲಾಯಿಸಿ.

ಸೀಟ್ ಬೆಲ್ಟ್ ಕೂಡ ಇದೇ ಪಟ್ಟಿಗೆ ಸೇರುತ್ತದೆ. ಬಹುತೇಕ ಕಾರುಗಳಲ್ಲಿ ಇರುವುದು ಸೊಂಟದ ಬೆಲ್ಟ್ ಅಷ್ಟೇ. ಮೂರು ಪಾಯಿಂಟ್ ಬೆಲ್ಟ್ ಹಾಕಿಸದೆ ನಾನು ನನ್ನ ಮಗಳನ್ನು ಮುಂದೆ ಕೂರಿಸಲಿಲ್ಲ.

ತಿರುವಿನಲ್ಲಿ ಕಾರು ದೋಣಿ ಥರ ವಾಲುತ್ತೆ. ಏನು ಮಾಡಲಿ?

ಮೊದಲು ಸಸ್ಪೆನ್ಷನ್‌ನಲ್ಲಿ ಸವೆದ ಬುಷ್, ಬಾಲ್ ಜಾಯಿಂಟ್, ಶಾಕ್ ಬದಲಾಯಿಸಿ. ಆಮೇಲೆ ಶೆಲ್ಬಿ ಡ್ರಾಪ್. ಫೋರ್ಡ್ ಎಂಜಿನಿಯರ್ ಕ್ಲಾಸ್ ಆರ್ನಿಂಗ್ ಲೆಕ್ಕ ಹಾಕಿ ಕೊಟ್ಟದ್ದು ಅದು. 1965ರ ಶೆಲ್ಬಿ ಜಿಟಿ350 ಕಾರಿನಲ್ಲಿ ಬಂತು. ಮೇಲಿನ ಕಂಟ್ರೋಲ್ ಆರ್ಮ್ (ಮುಂದಿನ ಚಕ್ರವನ್ನು ಬಾಡಿಗೆ ಸೇರಿಸುವ ತೋಳು) ಕೂರುವ ತೂತುಗಳನ್ನು ಸುಮಾರು ಒಂದು ಇಂಚು ಕೆಳಗೆ ಹೊಸದಾಗಿ ಕೊರೆಯುತ್ತಾರೆ. ನಿಮ್ಮ ವರ್ಷದ ಕಾರಿಗೆ ಸರಿಯಾದ ಟೆಂಪ್ಲೇಟ್ ಸಿಗುತ್ತದೆ, ಅದನ್ನೇ ಬಳಸಿ. ಚೆನ್ನಾಗಿ ಹರಿತವಾದ ಡ್ರಿಲ್ ಬಿಟ್, ಒಂದು ಮಧ್ಯಾಹ್ನ, ಆಮೇಲೆ ವೀಲ್ ಅಲೈನ್‌ಮೆಂಟ್. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಫರಕು ಕೊಡುವ ಇನ್ನೊಂದು ಕೆಲಸ ಈ ಕಾರಿನಲ್ಲಿ ಇಲ್ಲ. ಸ್ಪ್ರಿಂಗ್ ಬಿಚ್ಚುವಾಗ ಮಾತ್ರ ಸರಿಯಾದ ಕಂಪ್ರೆಸರ್ ಬೇಕೇ ಬೇಕು. ಒತ್ತಿ ಹಿಡಿದ ಸ್ಪ್ರಿಂಗ್ ಜಾರಿದರೆ ಪ್ರಾಣಕ್ಕೇ ಅಪಾಯ.

ಈಗಲಾದರೂ ಎಂಜಿನ್‌ಗೆ ಬರೋಣ. ಮೊದಲು ದೊಡ್ಡ ಕಾರ್ಬೊರೇಟರ್ ಹಾಕಲಾ?

ಬೇಡ. ಮೊದಲು ಟೈಮಿಂಗ್, ಅಂದರೆ ಪಿಸ್ಟನ್ ಮೇಲೆ ಬರುವುದಕ್ಕೆ ಎಷ್ಟು ಡಿಗ್ರಿ ಮುಂಚೆ ಪ್ಲಗ್ ಕಿಡಿ ಹಾರಿಸುತ್ತದೆ ಅನ್ನುವುದು.

ನಾನು ಕಾರು ಕೊಂಡ ವರ್ಷವೇ ಒಂದು ಗ್ಯಾರೇಜಿನಲ್ಲಿ ನಾಲ್ಕು ಬ್ಯಾರೆಲ್ ಕಾರ್ಬೊರೇಟರ್ ಮತ್ತು ಹೊಸ ಇನ್‌ಟೇಕ್ (ಕಾರ್ಬೊರೇಟರಿನಿಂದ ಸಿಲಿಂಡರಿಗೆ ದಾರಿ ಮಾಡುವ ಭಾಗ) ಹಾಕಿಸಿದೆ. ಗಾಡಿ ಮೊದಲಿಗಿಂತ ಮಂಕಾಯಿತು. ಅವರು ಜೆಟ್ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಬಿಡುವ ತೂತು) ಬದಲಾಯಿಸಿದರು, ಮತ್ತೆ ಬದಲಾಯಿಸಿದರು, ಬಿಲ್ ಬೆಳೆಯಿತು. ಟೈಮಿಂಗ್ ಲೈಟ್ ಹಿಡಿದರೆ ಪುಸ್ತಕದಲ್ಲಿ ಹೇಳಿದ ಹಾಗೆ ಸರಿಯಾಗಿ 6 ಡಿಗ್ರಿ ತೋರಿಸುತ್ತಿತ್ತು. ಕೊನೆಗೆ ಮನೆಯಲ್ಲಿ ನಾನೇ ಒಂದನೇ ಪ್ಲಗ್ ತೂತಿಗೆ ಪಿಸ್ಟನ್ ಸ್ಟಾಪ್ ಹಾಕಿ, ಕ್ರ್ಯಾಂಕನ್ನು ಕೈಯಲ್ಲಿ ಎರಡೂ ದಿಕ್ಕಿಗೆ ತಿರುಗಿಸಿ ಗುರುತು ಮಾಡಿದೆ. ಪಿಸ್ಟನ್ ನಿಜವಾಗಿ ಮೇಲೆ ಬರುವ ಜಾಗಕ್ಕೂ ಸೊನ್ನೆ ಗೆರೆಗೂ ಹತ್ತು ಡಿಗ್ರಿ ವ್ಯತ್ಯಾಸ!

ಕ್ರ್ಯಾಂಕ್ ಮುಂದಿರುವ ಬ್ಯಾಲೆನ್ಸರ್‌ನಲ್ಲಿ ಒಳಗೊಂದು ಬಳೆ, ಹೊರಗೊಂದು ಬಳೆ, ನಡುವೆ ರಬ್ಬರ್. ಗುರುತು ಇರುವುದು ಹೊರಗಿನ ಬಳೆ ಮೇಲೆ. ರಬ್ಬರ್ ಸತ್ತು ಬಳೆ ಜಾರಿತ್ತು. ಲೈಟು ಸುಳ್ಳು ಹೇಳುತ್ತಿತ್ತು. ಹೊಸ ಬ್ಯಾಲೆನ್ಸರ್ ಹಾಕಿ ಟೈಮಿಂಗ್ ಇಟ್ಟ ದಿನ ಪೆಡಲ್ ಒತ್ತಿದರೆ ಕಾರು ಎದ್ದು ಹೊರಟಿತು. ಆ ಖುಷಿ ಇವತ್ತಿಗೂ ಮರೆತಿಲ್ಲ.

ಹಾಗಾಗಿ ಸರದಿ ಇದು: ಸೊನ್ನೆ ಗೆರೆ ಪರೀಕ್ಷಿಸಿ, ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಡಬ್ಬ) ಒಳಗಿನ ಸವೆತ ನೋಡಿ, ಅದರ ವ್ಯಾಕ್ಯೂಮ್ ಪೈಪ್ ಕಿತ್ತು ಬಾಯಿ ಮುಚ್ಚಿ, ಸುಮಾರು 3,000 ಆರ್‌ಪಿಎಂನಲ್ಲಿ ಒಟ್ಟು ಟೈಮಿಂಗ್ 34ರಿಂದ 36 ಡಿಗ್ರಿ ಬರುವ ಹಾಗೆ ಇಡಿ. ಏರು ಹತ್ತುವಾಗ ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದ ಸದ್ದು ಬಂದರೆ ಎರಡು ಡಿಗ್ರಿ ಇಳಿಸಿ.

ಪಾಯಿಂಟ್ಸ್ ತೆಗೆದು ಎಲೆಕ್ಟ್ರಾನಿಕ್ ಹಾಕಬಹುದಾ?

ಪಾಯಿಂಟ್ಸ್ ಅಂದರೆ ಕಿಡಿಗಾಗಿ ಕರೆಂಟ್ ಕಡಿದು ಬಿಡುವ ಸಣ್ಣ ಸ್ವಿಚ್ಚು. ಅದನ್ನು ತೆಗೆದು ಎಲೆಕ್ಟ್ರಾನಿಕ್ ಹಾಕಿ, ನೆಮ್ಮದಿ. ಡಿಸ್ಟ್ರಿಬ್ಯೂಟರ್ ಮುಚ್ಚಳದ ಒಳಗೇ ಕೂರುವ ಕಿಟ್ ಸಿಗುತ್ತದೆ. ಒಂದು ಕಡೆ ಮಾತ್ರ ಎಲ್ಲರೂ ಎಡವುತ್ತಾರೆ. ಇಗ್ನಿಷನ್ ಸ್ವಿಚ್ಚಿನಿಂದ ಕಾಯಿಲ್‌ಗೆ ಬರುವ ದಾರಿಯಲ್ಲಿ ಫೋರ್ಡ್ ಒಂದು ಗುಲಾಬಿ ಬಣ್ಣದ ತಂತಿ ಹಾಕಿದೆ. ಅದು ಮಾಮೂಲಿ ತಂತಿಯಲ್ಲ, ರೆಸಿಸ್ಟೆನ್ಸ್ ತಂತಿ. ಪಾಯಿಂಟ್ಸ್ ಸುಡದಿರಲಿ ಅಂತ ವೋಲ್ಟೇಜ್ ಇಳಿಸುತ್ತದೆ. ಕಿಟ್‌ಗೆ ಪೂರ್ತಿ 12 ವೋಲ್ಟ್ ಬೇಕು. ಹಾಗಾಗಿ ಅದರ ಕೆಂಪು ತಂತಿಗೆ ಈ ಗುಲಾಬಿ ತಂತಿಗಿಂತ ಮುಂಚೆಯೇ ಕರೆಂಟ್ ತೆಗೆದುಕೊಳ್ಳಿ.

ಸರಿ, ಕಾರ್ಬೊರೇಟರ್ ಎಷ್ಟು ದೊಡ್ಡದು ಬೇಕು?

ಲೆಕ್ಕ ಸುಲಭ. ಎಂಜಿನ್ ಗಾತ್ರವನ್ನು ಕ್ಯೂಬಿಕ್ ಇಂಚಿನಲ್ಲಿ ತಗೊಂಡು ಗರಿಷ್ಠ ಆರ್‌ಪಿಎಂನಿಂದ ಗುಣಿಸಿ, 3,456ರಿಂದ ಭಾಗಿಸಿ. 289 × 5,500 ÷ 3,456 ಅಂದರೆ 460. ರಸ್ತೆ ಎಂಜಿನ್ ಪೂರ್ತಿ ಗಾಳಿ ಎಳೆಯುವುದಿಲ್ಲ, 85 ಪರ್ಸೆಂಟ್ ಹಿಡಿದರೆ ಸುಮಾರು 390 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ) ಸಾಕು. 500 ಅಥವಾ 600ರ ವ್ಯಾಕ್ಯೂಮ್ ಸೆಕೆಂಡರಿ (ಎರಡನೇ ಜೋಡಿ ಬಾಯಿ ಎಂಜಿನ್ ಎಳೆತಕ್ಕೆ ತಕ್ಕ ಹಾಗೆ ತೆರೆಯುವ) ಕಾರ್ಬೊರೇಟರ್ ಧಾರಾಳ. 750 ಹಾಕಿದರೆ ಸಿಗ್ನಲ್‌ನಿಂದ ಹೊರಡುವಾಗ ಕೆಮ್ಮುತ್ತದೆ. ಜಿಟಿ350ರಲ್ಲಿ ಇದೇ 289ಗೆ ಹಾಲಿ (Holley) ಕಂಪನಿಯ 715 ಸಿಎಫ್‌ಎಂ ಕಾರ್ಬೊರೇಟರ್ ಇತ್ತು ನಿಜ, 306 ಹೆಚ್‌ಪಿ ಕೊಡುತ್ತಿತ್ತು. ಅದು ಮೇಲಿನ ಆರ್‌ಪಿಎಂಗೇ ಕಟ್ಟಿದ ಎಂಜಿನ್. ಜೊತೆಗೆ ಡ್ಯುಯಲ್ ಪ್ಲೇನ್ (ಒಳದಾರಿ ಎರಡು ಅಂತಸ್ತಾಗಿರುವ) ಅಲ್ಯೂಮಿನಿಯಂ ಇನ್‌ಟೇಕ್ ಹಾಕಿ. ಬೇರೆ ಲಾಭ ಬಿಡಿ, ಎತ್ತುವಾಗ ಸೊಂಟ ಉಳಿಯುತ್ತದೆ.

ಹೆಡರ್ಸ್, ಕ್ಯಾಮ್, ಹೆಡ್?

ಹೆಡರ್ಸ್ ಹೊಗೆ ಹೊರಹಾಕುವ ಪೈಪುಗಳು, ಕ್ಯಾಮ್ ವಾಲ್ವ್ ತೆರೆಯುವ ದಂಡ, ಹೆಡ್ ವಾಲ್ವ್‌ಗಳು ಕೂರುವ ಭಾಗ. ಇವು ಮೂರೂ ಒಂದು ಕುಟುಂಬ. ಕೊಳ್ಳುವುದು ಬೇರೆ ಬೇರೆ ವರ್ಷ ಆದರೂ ಯೋಚನೆ ಒಟ್ಟಿಗೇ ಆಗಬೇಕು.

289ರ ಮೂಲ ಹೆಡ್‌ನ ಇನ್‌ಟೇಕ್ ವಾಲ್ವ್ 1.78 ಇಂಚು ಮಾತ್ರ. ಉಸಿರು ಕಟ್ಟುವುದು ಅಲ್ಲೇ. 1.90 ವಾಲ್ವಿನ ಒಳ್ಳೆಯ ಅಲ್ಯೂಮಿನಿಯಂ ಹೆಡ್ ಹಾಕಿದರೆ ಎಂಜಿನ್‌ಗೆ ಹೊಸ ಮೂಗು ಬಂದ ಹಾಗೆ. ಗಟ್ಟಿ ವಾಲ್ವ್ ಸೀಟ್ ಕೂಡ ಅದರಲ್ಲೇ ಬರುತ್ತದೆ, ಸೀಸ ಇಲ್ಲದ ಪೆಟ್ರೋಲ್ ಚಿಂತೆ ಇಲ್ಲ.

ಕ್ಯಾಮ್ ಆರಿಸುವಾಗ ಆಸೆಗೆ ಕಡಿವಾಣ ಬೇಕು. ಐಡ್ಲಿಂಗ್‌ನಲ್ಲಿ ಗುಡುಗುವ ದೊಡ್ಡ ಕ್ಯಾಮ್ ಕೇಳಲು ಚೆಂದ. ಆದರೆ ವ್ಯಾಕ್ಯೂಮ್ ಬಿದ್ದು ಪವರ್ ಬ್ರೇಕ್ ಗಟ್ಟಿಯಾಗುತ್ತದೆ, ಮೂಲ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಜೊತೆ ಸಿಗ್ನಲ್‌ನಲ್ಲಿ ಆಫ್ ಆಗುತ್ತದೆ. ಡ್ಯುರೇಶನ್, ಅಂದರೆ ವಾಲ್ವ್ ತೆರೆದಿರುವ ಅವಧಿ, 0.050 ಇಂಚಿನ ಅಳತೆಯಲ್ಲಿ 210ರಿಂದ 220 ಡಿಗ್ರಿ ಒಳಗೆ ಇರಲಿ. ಫ್ಲಾಟ್ ಟ್ಯಾಪೆಟ್ (ರೋಲರ್ ಇಲ್ಲದೆ ಉಜ್ಜಿಕೊಂಡು ತಿರುಗುವ) ಕ್ಯಾಮ್ ಆಗಿದ್ದರೆ ಸತುವಿನ ಅಂಶ ಜಾಸ್ತಿ ಇರುವ ಆಯಿಲ್ ಹಾಕಿ. ಮೊದಲ ಸಲ ಸ್ಟಾರ್ಟ್ ಆದ ತಕ್ಷಣ 2,000 ಆರ್‌ಪಿಎಂಗೆ ಏರಿಸಿ ಇಪ್ಪತ್ತು ನಿಮಿಷ ಇಳಿಸದೆ ಓಡಿಸಿ. ಐಡ್ಲಿಂಗ್‌ನಲ್ಲಿ ಬಿಟ್ಟರೆ ಕ್ಯಾಮ್ ಅವತ್ತೇ ಸವೆಯುತ್ತದೆ.

ಸುಮ್ನೆ ಹೊಸ ಎಂಜಿನ್ ಇಳಿಸಿಬಿಟ್ಟರೆ?

1987ರಿಂದ 1993ರವರೆಗಿನ ಮಸ್ಟ್ಯಾಂಗ್ ಜಿಟಿಯ 5.0 ಒಳ್ಳೆಯ ಆಯ್ಕೆ. ಅದೇ ಎಂಜಿನ್ ವಂಶ, ರೋಲರ್ ಕ್ಯಾಮ್ ಇದೆ, ಅದೇ ಮೌಂಟಿಗೆ ಕೂರುತ್ತದೆ. ಹಳೇ ಕಾರಿನ ಆಯಿಲ್ ಪ್ಯಾನ್ ಬೇಕಾಗುತ್ತದೆ. ಫ್ಲೈವೀಲ್ ಮತ್ತು ಬ್ಯಾಲೆನ್ಸರ್ ಮಾತ್ರ ಹಳೆಯದು ಹಾಕಲೇಬೇಡಿ: 289ರದ್ದು 28 ಔನ್ಸ್ ಬ್ಯಾಲೆನ್ಸ್, ಇದರದ್ದು 50. ಫೋರ್ಡಿನ ಈಚಿನ ಕೊಯೋಟಿ ಎಂಜಿನ್ ಅಗಲ ಜಾಸ್ತಿ, ಶಾಕ್ ಟವರ್ (ಮುಂದಿನ ಶಾಕ್, ಸ್ಪ್ರಿಂಗ್ ಕೂರುವ ಬಾಡಿಯ ಭಾಗ) ಕತ್ತರಿಸಬೇಕು. ಮೊದಲ ಕಾರಿಗೆ ಅದು ಬೇಡ.

ಗೇರ್ ಅನುಪಾತ ಬದಲಾಯಿಸಿದರೆ ಪಿಕಪ್ ಬರುತ್ತಾ?

ಬರುತ್ತೆ, ಎಂಜಿನ್ ಮುಟ್ಟದೆಯೇ. ಹಿಂದಿನ ಆಕ್ಸಲ್‌ನಲ್ಲಿ ಅನುಪಾತ 3.00 ಇದ್ದರೆ ಗಂಟೆಗೆ 65 ಮೈಲಿಯಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2,600 ಸಲ ಸುತ್ತುತ್ತದೆ. 3.55 ಹಾಕಿದರೆ ಹೊರಡುವಾಗ ಚಿಗರೆ, ಆದರೆ ಹೈವೇಯಲ್ಲಿ 3,050ರ ಗದ್ದಲ. ಟಿ5 ಐದು ಗೇರಿನ ಬಾಕ್ಸ್ ಸೇರಿಸಿ, ಐದನೇ ಗೇರ್ 0.68 ಇರುವುದನ್ನು. ಅದೇ ವೇಗದಲ್ಲಿ 2,100. ಮಾತಾಡಿಕೊಂಡು ಹೋಗಬಹುದು.

ಬಿಸಿ ಏರುತ್ತೆ, ಏನು ಮಾಡಲಿ?

ದೊಡ್ಡ ರೇಡಿಯೇಟರ್, ಫ್ಯಾನಿನ ಸುತ್ತ ಶ್ರೌಡ್ (ಗಾಳಿ ಪಕ್ಕಕ್ಕೆ ಹೋಗದ ಹಾಗೆ ತಡೆಯುವ ಹೊದಿಕೆ). ಥರ್ಮೋಸ್ಟ್ಯಾಟ್ ಕಿತ್ತು ಎಸೆಯಬೇಡಿ. ಪೆಟ್ರೋಲ್ ಪೈಪ್‌ಗಳನ್ನೂ ಈಗಲೇ ಬದಲಾಯಿಸಿ. ಇಲ್ಲಿನ ಪೆಟ್ರೋಲ್‌ನಲ್ಲಿ ಹತ್ತು ಪರ್ಸೆಂಟ್ ಎಥನಾಲ್ ಇರುತ್ತದೆ, ಹಳೇ ರಬ್ಬರನ್ನು ತಿಂದುಹಾಕುತ್ತದೆ.

ಬದಲಾವಣೆ ಮಾಡಿದರೆ ಬೆಲೆ ಬೀಳಲ್ವಾ?

ಸಿ ಕೋಡ್ ಹಾರ್ಡ್‌ಟಾಪ್‌ಗೆ ಅಂಥ ಭಯ ಬೇಡ. ಬೋಲ್ಟ್ ಬಿಚ್ಚಿ ವಾಪಸ್ ಹಾಕಬಹುದಾದ ಕೆಲಸಗಳನ್ನೇ ಆರಿಸಿ. ತೆಗೆದ ಪ್ರತಿ ಪಾರ್ಟಿಗೂ ಚೀಟಿ ಕಟ್ಟಿ ಎತ್ತಿಡಿ. ಇನ್ಶೂರೆನ್ಸ್ ಮಾಡಿಸುವಾಗ ಬೆಲೆ ಮೊದಲೇ ಒಪ್ಪಿಕೊಳ್ಳುವ ಪಾಲಿಸಿ ಕೇಳಿ, ಮಾಡಿದ ಬದಲಾವಣೆ ಎಲ್ಲಾ ಹೇಳಿ.

ಇದನ್ನೇ ಬೆಂಗಳೂರಿನಲ್ಲಿ ಮಾಡಬಹುದಾ?

ಅಲ್ಲಿನ ಕಾನೂನು ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ವಾಹನ ಬದಲಾಯಿಸುವಂತಿಲ್ಲ. 2021ರಲ್ಲಿ ಬಂದ ವಿಂಟೇಜ್ ನಿಯಮವೂ 50 ವರ್ಷ ಮೀರಿದ ಕಾರು ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್ ತಿದ್ದಿರಬಾರದು ಅನ್ನುತ್ತದೆ. ಊರಿನಲ್ಲಿ ಹಳೇ ಕಾರು ಇಟ್ಟುಕೊಂಡವರು ಟೈಮಿಂಗ್, ಟೈರು, ಬುಷ್, ಬ್ರೇಕ್ ಲೈನಿಂಗ್ ಇವನ್ನು ಸರಿಯಾಗಿ ಇಟ್ಟುಕೊಂಡರೂ ಗಾಡಿ ಹಗುರಾಗಿ ಓಡುತ್ತದೆ.

ಎಲ್ಲಾ ಸೇರಿಸಿದೆ. ಮೊದಲ ದಿನ ಏನು ನೋಡಬೇಕು?

ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ. ಕಾರಿನ ಕೆಳಗೆ ಹೋಗುವುದಿದ್ದರೆ ಜಾಕ್ ಮೇಲೆ ಭರವಸೆ ಬೇಡ, ಸ್ಟ್ಯಾಂಡ್ ಇಟ್ಟು ಕೈಯಲ್ಲಿ ಒಮ್ಮೆ ಅಲ್ಲಾಡಿಸಿ ನೋಡಿ. ಮನೆ ಸುತ್ತ ಹತ್ತು ನಿಮಿಷ ಓಡಿಸಿ ವಾಪಸ್ ಬನ್ನಿ. ಬಾನೆಟ್ ಎತ್ತಿ, ಟಾರ್ಚ್ ಹಿಡಿದು ಸೋರಿಕೆ ಹುಡುಕಿ. ಪೂರ್ತಿ ತಣ್ಣಗಾಗಲು ಬಿಡಿ. ಆಮೇಲೆ ಹೆಡರ್ ಬೋಲ್ಟ್‌ಗಳನ್ನು ಒಂದೊಂದಾಗಿ ಬಿಗಿ ಮಾಡಿ. ಮೊದಲ ಬಿಸಿಗೆ ಗ್ಯಾಸ್ಕೆಟ್ ಕುಗ್ಗಿರುತ್ತದೆ, ಪ್ರತಿ ಬೋಲ್ಟೂ ಕಾಲು ಸುತ್ತು ತಗೊಳ್ಳುತ್ತೆ.